ಮದ್ಯಸಾರದ ಮೋಟಾರು, ಏದುವ ಪಂಪು

ಸಿಂಧನೂರಿನಿಂದ ಮಸ್ಕಿಯ ಮೇಲೆ ಲಿಂಗಸುಗೂರಿಗೆ ಸಾಗುವವರು ಹಾದಿಯ ಬಂಕಿನಲ್ಲಿ ಐದು ಲೀಟರು ಪೆಟ್ರೋಲು ತುಂಬಿಸಿದರೆ, ಅದರಲ್ಲಿ ಹೆಚ್ಚುಕಡಿಮೆ ಒಂದು ಲೀಟರು ಮದ್ಯಸಾರವೇ, ಅಂದರೆ ಎಥನಾಲೇ, ಇರುತ್ತದೆ. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಶೇಕಡ 20ರ ಮಿಶ್ರಣಕ್ಕೆ ಚಾಲನೆ ದೊರೆಯಿತು. 2025ರ ಹೊತ್ತಿಗೆ ಅದೇ ದೇಶದ ಸಾಮಾನ್ಯ ಪೆಟ್ರೋಲಾಯಿತು. ಕಬ್ಬಿನಂತೆ ಅಕ್ಕಿಯ ನುಚ್ಚೂ ಮದ್ಯಸಾರವಾಗಬಲ್ಲುದಾದ್ದರಿಂದ ಎಡದಂಡೆ ಕಾಲುವೆಯ ಭತ್ತದ ಸೀಮೆಗೆ ಈ ವಸ್ತು ತೀರ ಪರಕೀಯವಲ್ಲ.

ಮದ್ಯಸಾರದ ಗುಣ ದೊಡ್ಡದು. ಅದು ಆವಿಯಾಗುವಾಗ ಒಳಗಿನ ಗಾಳಿಯನ್ನು ತಣ್ಣಗಾಗಿಸುತ್ತದೆ. ಒತ್ತಡಕ್ಕೆ ಸಿಕ್ಕಿಯೂ ಅಕಾಲದಲ್ಲಿ ಸಿಡಿಯುವುದಿಲ್ಲ. ಟರ್ಬೊ ಕಾರಿನ ಕಂಪ್ಯೂಟರಿಗೆ ಹೊಸ ಲೆಕ್ಕ ಬರೆಸಿ, ಗಾಳಿಯನ್ನು ಇನ್ನಷ್ಟು ತುರುಕಿ, ಅಶ್ವಶಕ್ತಿ ಹೆಚ್ಚಿಸಿಕೊಳ್ಳುವ ತರುಣರಿಗೆ ಇದಕ್ಕಿಂತ ಪ್ರಿಯವಾದ ಇಂಧನ ಬೇರೊಂದಿಲ್ಲ. ಆದರೆ ಇದರ ಹಸಿವೂ ದೊಡ್ಡದು. ಒಂದು ಕಿಲೋ ಪೆಟ್ರೋಲು ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಮದ್ಯಸಾರಕ್ಕೆ 9 ಕಿಲೋ ಸಾಕು. ಎಂದರೆ, ಅಷ್ಟೇ ಗಾಳಿಗೆ ಇಂಧನವನ್ನು ಹೆಚ್ಚು ಸುರಿಯಬೇಕು. ಶುದ್ಧ ಪೆಟ್ರೋಲಿನಲ್ಲಿ ಗಂಟೆಗೆ 100 ಲೀಟರು ಬೇಡುವ ಎಂಜಿನು ಶೇಕಡ 20ರ ಮಿಶ್ರಣದಲ್ಲಿ 107ನ್ನೂ, ಶೇಕಡ 85ರದರಲ್ಲಿ ಸುಮಾರು 140ನ್ನೂ ಬೇಡುತ್ತದೆ.

ಇದನ್ನೆಲ್ಲ ಒದಗಿಸಬೇಕಾದುದು ಟ್ಯಾಂಕಿನೊಳಗೆ ಮುಳುಗಿ ಕುಳಿತ ಮುಷ್ಟಿಗಾತ್ರದ ವಿದ್ಯುತ್ ಪಂಪು. ಹೊಲದ ಪಂಪ್‌ಸೆಟ್ಟನ್ನು ಬಲ್ಲ ಸಿಂಧನೂರಿನ ರೈತನಿಗೆ ಇದರ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದೇ ಮೋಟಾರು ನೀರನ್ನು ಎತ್ತರಕ್ಕೇರಿಸಿದಷ್ಟೂ ಧಾರೆ ಸಣ್ಣದಾಗುತ್ತದೆ. ವೋಲ್ಟೇಜು ಇಳಿದರಂತೂ ಕೇಳುವುದೇ ಬೇಡ! ಕಾರಿನಲ್ಲಿಯೂ ಹೀಗೆಯೇ. ಇಂಧನದ ಕೊಳವೆಯಲ್ಲಿ 3 ಬಾರ್ ಒತ್ತಡವಿರುವ ಕಾರಿಗೆ ಟರ್ಬೊ 1 ಬಾರ್ ಗಾಳಿಯನ್ನು ತುಂಬಿದರೆ, ಪಂಪು 4 ಬಾರಿನ ವಿರುದ್ಧ ದುಡಿಯಬೇಕು. ಇಂಧನ ಅತ್ಯಧಿಕವಾಗಿ ಬೇಕಾದ ಗಳಿಗೆಯಲ್ಲಿಯೇ ಪಂಪಿನ ಧಾರೆ ಅತ್ಯಲ್ಪವಾಗುತ್ತದೆ.

ಕಾರ್ಖಾನೆಯಿಂದ ಬಂದಂತೆಯೇ ಇರುವ ಕಾರಿಗೆ ಶೇಕಡ 20ರ ಮಿಶ್ರಣದಿಂದ ಪಂಪಿನ ಮಟ್ಟಿಗೆ ಸಾಮಾನ್ಯವಾಗಿ ಬಾಧೆಯಿಲ್ಲ. ಅಷ್ಟು ಮೀಸಲು ಅದರಲ್ಲಿರುತ್ತದೆ. (ಹಳೆಯ ಕಾರುಗಳ ರಬ್ಬರು ಕೊಳವೆಗಳ ಮಾತು ಬೇರೆ.) ಶಕ್ತಿಯ ಆಸೆಗಾಗಿ ಆ ಮೀಸಲನ್ನು ಮೊದಲೇ ಖರ್ಚು ಮಾಡಿಕೊಂಡವರಿಗೆ ಮಾತ್ರ ಆ ಏಳು ಲೀಟರೇ ಭಾರವಾದೀತು. 2024ರ ಮಾರ್ಚಿನಲ್ಲಿ ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳ ಆಯ್ದ ಬಂಕುಗಳಿಗೆ ಬಂದ ‘ಎಥನಾಲ್ 100’ ಅದಕ್ಕೆಂದೇ ಸಿದ್ಧಪಡಿಸಿದ ವಾಹನಗಳಿಗೆ ಮೀಸಲಾದುದು; ಅದನ್ನು ಇಂಥ ಕಾರಿಗೆ ಸುರಿಯುವುದು ಸಾಹಸವಲ್ಲ, ಅವಿವೇಕ.

ಈ ಕೊರತೆ ಊರೊಳಗೆ ಕಾಣಿಸಿಕೊಳ್ಳದು. ಮಸ್ಕಿಯ ಪೇಟೆಯಲ್ಲಿ ಕಾರು ಸೊಗಸಾಗಿಯೇ ಓಡುತ್ತದೆ. ಊರಾಚೆ ಭತ್ತದ ಲಾರಿಯೊಂದನ್ನು ಹಿಂದೆ ಹಾಕಲೆಂದು ಪೆಡಲನ್ನು ಪೂರ್ತಿ ಒತ್ತಿದಾಗ ಕೊಳವೆಯ ಒತ್ತಡ ಕುಸಿಯುತ್ತದೆ. ಗಾಳಿ ಹೆಚ್ಚಿ ಇಂಧನ ಕಡಿಮೆಯಾಗಿ ಒಳಗಿನ ಕಾವು ಏರುತ್ತದೆ. ಎಂಜಿನು ಕಟಕಟನೆ ಬಡಿದುಕೊಳ್ಳುತ್ತದೆ. ಪಿಸ್ಟನ್ನಿನ ನೆತ್ತಿ ಕರಗಿ ತೂತಾಗಲು ಬಹಳ ಹೊತ್ತು ಬೇಡ. ಹಣದ ಮಾತು ಹಾಗಿರಲಿ. ಎದುರು ಬಸ್ಸು ಬರುತ್ತಿರುವಾಗ, ರಸ್ತೆಯ ಬಲಮಗ್ಗುಲಲ್ಲಿ, ಹಿಂದಿನ ಸೀಟಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಎಂಜಿನು ಸೋತರೆ?

ಮದ್ಯಸಾರವನ್ನು ತಾಳುವ ದೊಡ್ಡ ಪಂಪು, ಅದಕ್ಕೆ ಬ್ಯಾಟರಿಯಿಂದಲೇ ಎಳೆದ ದಪ್ಪ ತಂತಿ, ಇಂಧನದ ಒತ್ತಡವನ್ನು ತೋರುವ ಮಾಪಕ, ಇವಿಷ್ಟು ಮೊದಲು ಬರಬೇಕು. ಹೊಸ ಲೆಕ್ಕ ಆಮೇಲೆ. ಪೂರ್ಣ ಭಾರದಲ್ಲಿ ಮಾಪಕದ ಮುಳ್ಳು ಇಳಿಯಿತೆಂದರೆ ಒಡನೆಯೇ ಕಾಲು ತೆಗೆಯಬೇಕು, ಪಂಪು ಬದಲಾಗುವವರೆಗೆ ಟರ್ಬೊದ ಒತ್ತಡವನ್ನು ಮೊದಲಿನ ಮಟ್ಟಕ್ಕೆ ಇಳಿಸಿಡಬೇಕು.