ಹಳೆಯ ಲಾರಿ: ಕೊಳ್ಳುವ ದರವೇ ಪೂರ್ಣ ವೆಚ್ಚವಲ್ಲ

ಶಿಕಾರಿಪುರ ಹಾಗೂ ಸೊರಬ ತಾಲ್ಲೂಕುಗಳ ಭತ್ತ, ಮೆಕ್ಕೆಜೋಳ, ಶುಂಠಿ, ಅಡಿಕೆ ವಹಿವಾಟು ರಸ್ತೆ ಸಾಗಣೆಯನ್ನೇ ನೆಚ್ಚಿಕೊಂಡಿದೆ. ಸುಗ್ಗಿಯಲ್ಲಿ ಬಾಡಿಗೆ ಲಾರಿಗಾಗಿ ಕಾದು ಬೇಸತ್ತ ವರ್ತಕರು ಹಾಗೂ ಅಕ್ಕಿ ಗಿರಣಿ ಮಾಲೀಕರು ಬಳಸಿದ ಲಾರಿಯೊಂದನ್ನು ಕೊಳ್ಳಲು ಮುಂದಾಗುವುದು ಸಹಜ. ಆದರೆ ಎರಡು ಲಾರಿಗಳಲ್ಲಿ ಒಂದನ್ನು ಆರಿಸುವಾಗ ಖರೀದಿ ದರವನ್ನಷ್ಟೇ ನೋಡುವುದು ಸರಿಯಲ್ಲ.

ಉದಾಹರಣೆಗೆ, 6 ವರ್ಷದ ಲಾರಿಗೆ ರೂ. 8 ಲಕ್ಷ, 12 ವರ್ಷದ್ದಕ್ಕೆ ರೂ. 5 ಲಕ್ಷ ಎಂದಿಟ್ಟುಕೊಳ್ಳೋಣ. 4 ವರ್ಷಗಳ ತರುವಾಯ ಅವುಗಳನ್ನು ಕ್ರಮವಾಗಿ ರೂ. 4 ಲಕ್ಷ ಹಾಗೂ ರೂ. 1.5 ಲಕ್ಷಕ್ಕೆ ಮಾರಿದರೆ ಸವಕಳಿ ರೂ. 4 ಲಕ್ಷ ಮತ್ತು ರೂ. 3.5 ಲಕ್ಷ. ರೂ. 3 ಲಕ್ಷದ ಅಂತರ ರೂ. 50 ಸಾವಿರಕ್ಕಿಳಿಯಿತು. ಆ ಹೆಚ್ಚುವರಿ ರೂ. 3 ಲಕ್ಷಕ್ಕೆ ಶೇ. 12ರ ಸರಳ ಬಡ್ಡಿ ರೂ. 1.44 ಲಕ್ಷ ಸೇರಿಸಿದರೆ 12 ವರ್ಷದ ಲಾರಿಯಿಂದ ಆಗುವ ಉಳಿತಾಯ ರೂ. 1.94 ಲಕ್ಷ.

ಇನ್ನು ಡೀಸೆಲ್ ಲೆಕ್ಕ. ಮೊದಲನೆಯದು ಲೀಟರಿಗೆ 6 ಕಿ.ಮೀ., ಎರಡನೆಯದು 5 ಕಿ.ಮೀ. ಓಡುವುದಾದರೆ, ವರ್ಷಕ್ಕೆ 24,000 ಕಿ.ಮೀ. ಓಟದಲ್ಲಿ ಎರಡನೆಯದಕ್ಕೆ 800 ಲೀಟರ್ ಹೆಚ್ಚು ಬೇಕು. ಲೀಟರಿಗೆ ರೂ. 90ರಂತೆ 4 ವರ್ಷಕ್ಕೆ ರೂ. 2.88 ಲಕ್ಷ. ಅಂದರೆ ಅಗ್ಗದ ಲಾರಿಯೇ ರೂ. 94 ಸಾವಿರ ದುಬಾರಿಯಾಯಿತು! ಸುಗ್ಗಿಯಲ್ಲಿ ಮಾತ್ರ ದುಡಿದು ವರ್ಷಕ್ಕೆ 10,000 ಕಿ.ಮೀ. ಓಡಿದರೆ ಈ ವ್ಯತ್ಯಾಸ ರೂ. 1.20 ಲಕ್ಷ ಮಾತ್ರ. ಆಗ 12 ವರ್ಷದ್ದೇ ಮೇಲು. ಸುಮಾರು 16,000 ಕಿ.ಮೀ. ಓಟದಲ್ಲಿ ಎರಡೂ ಸರಿಸಮ.

ರಿಪೇರಿ, ಟೈರು, ಎಫ್‌.ಸಿ. ವೆಚ್ಚಗಳನ್ನು ಇಲ್ಲಿ ಸೇರಿಸಿಲ್ಲ. 8 ವರ್ಷ ಮೀರಿದ ಸರಕು ವಾಹನಕ್ಕೆ ಪ್ರತಿ ವರ್ಷವೂ ಎಫ್‌.ಸಿ. ಮಾಡಿಸಬೇಕು. 15 ವರ್ಷ ಮೀರಿದವುಗಳ ಶುಲ್ಕವಂತೂ 2022ರ ಏಪ್ರಿಲ್ 1ರಿಂದ ಹಲವು ಪಟ್ಟು ಏರಿತು. ಇಂದು 12 ವರ್ಷದ ಲಾರಿ ಕೊಂಡವರು ಆ ಗಡಿಯನ್ನು ತಾವೇ ದಾಟಬೇಕಾಗುತ್ತದೆ. ಮೆಕ್ಕೆಜೋಳದ ಕಟಾವಿನ ವೇಳೆ ಲಾರಿ ಗ್ಯಾರೇಜಿನಲ್ಲಿ ನಿಂತರೆ ಹೊರಗಿನ ಬಾಡಿಗೆಯೂ ತಲೆಯ ಮೇಲೆ ಬೀಳುತ್ತದೆ.

ಹೊಸ ಸರಕು ವಾಹನಗಳ ಜಿ.ಎಸ್‌.ಟಿ. 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ಬಳಸಿದ ಲಾರಿಗೆ ಹಿಂದಿನ ದರವನ್ನೇ ಕೇಳುವವರೊಂದಿಗೆ ಚೌಕಾಸಿ ಮಾಡಲು ಇದೊಂದು ಬಲವಾದ ಆಧಾರ.

ಆದ್ದರಿಂದ ವರ್ತಕ ಬಂಧುಗಳು ಮುಂಗಡ ಕೊಡುವ ಮೊದಲು ಕಳೆದ ವರ್ಷದ ಬಾಡಿಗೆ ಬಿಲ್ಲುಗಳನ್ನು ತೆಗೆದು, ತಮ್ಮ ಸರಕು ಎಷ್ಟು ಕಿ.ಮೀ. ಸಾಗಿತೆಂದು ಕೂಡಿಸಿ ನೋಡಲಿ. ಓಟ ತೀರಾ ಕಡಿಮೆಯಿದ್ದರೆ ಎರಡೂ ಲಾರಿಗಳನ್ನು ಬಿಟ್ಟು ಬಾಡಿಗೆಯನ್ನೇ ಮುಂದುವರಿಸುವುದು ಲೇಸು.