ಎರಡನೆಯ ಮನೆ ಯಾರ ಹೆಸರಿನಲ್ಲಿ?

ತಲೆಯ ಮೇಲೆ ಸ್ವಂತ ಸೂರೇ ಇಲ್ಲದವರು ಇಷ್ಟು ಜನರಿರುವಾಗ ಸಮಾಜವಾದಿಗಳು ಎರಡನೆಯ ಮನೆಯ ಮಾತಾಡಬಹುದೆ ಎಂದು ಕೆಲವು ಸಂಗಾತಿಗಳು ಕೇಳುತ್ತಿದ್ದಾರೆ. ಕೇಳತಕ್ಕ ಪ್ರಶ್ನೆಯೇ. ಉಳ್ಳವನೊಬ್ಬ ಕಪಿಲೆಯ ದಂಡೆಯಲ್ಲಿ ತೋಟದ ಮನೆ ಕಟ್ಟಿ, ವರ್ಷದಲ್ಲಿ ಮುನ್ನೂರು ದಿನ ಬೀಗ ಜಡಿದು, ಕಾವಲಿಗೆ ಒಬ್ಬ ಬಡವನನ್ನು ಕೂರಿಸುವುದನ್ನು ನಾವು ಒಪ್ಪುವವರಲ್ಲ. ಆದರೆ ನಂಜನಗೂಡಿನಲ್ಲೋ ತಿರುಮಕೂಡಲು ನರಸೀಪುರದಲ್ಲೋ ಹುಟ್ಟಿ, ಒಬ್ಬ ಮೈಸೂರಿನ ವಠಾರಕ್ಕೆ, ಇನ್ನೊಬ್ಬ ಬೆಂಗಳೂರಿನ ಪೀಣ್ಯಕ್ಕೆ, ತಂಗಿ ಗಂಡನ ಊರಿಗೆ ಎಂದು ಚದುರಿದ ಒಡಹುಟ್ಟಿದವರು ಕೈಗೂಡಿಸಿ ಊರಿನಲ್ಲಿ ಒಂದು ಹೆಂಚಿನ ಮನೆ ಕೊಳ್ಳುವುದು ಬೇರೆ ಮಾತು. ಬಾಡಿಗೆಗಿರುವ ಕಾರ್ಮಿಕನಿಗೆ ಅದು ಹೆಸರಿಗೆ ಎರಡನೆಯ ಮನೆ. ಅವನ ಸ್ವಂತದ್ದೆಂದು ಇರುವುದು ಅದೊಂದೇ. ದೊಡ್ಡ ಜಾತ್ರೆಗೆ ಎಲ್ಲರೂ ಕೂಡುವುದು ಅಲ್ಲಿ, ತಾಯಿಗೆ ಕಾಯಿಲೆಯಾದರೆ ಇಳಿಯುವುದು ಅಲ್ಲಿ, ಗಿರಣಿ ಬಾಗಿಲು ಮುಚ್ಚಿದರೆ ಹೋಗುವುದೂ ಅಲ್ಲಿಗೇ. 2020ರ ದಿಗ್ಬಂಧನದಲ್ಲಿ ಇದರ ಬೆಲೆ ಎಲ್ಲರಿಗೂ ಗೊತ್ತಾಯಿತು. (ಆಗ ನಂಜನಗೂಡೇ ಸೋಂಕಿಗೆ ಸಿಕ್ಕಿತ್ತು, ಅದು ಬೇರೆ ಕತೆ.)

ತೊಡಕು ಇರುವುದು ಕ್ರಯಪತ್ರದಲ್ಲಿ. ದುಡ್ಡು ಐವರದು, ಹೆಸರು ಹಿರಿಯಣ್ಣನದು. ಇದು ನಮ್ಮ ಮನೆತನಗಳ ವಾಡಿಕೆ. ಅಣ್ಣ ಬೇರೆಯೆ, ನಾವು ಬೇರೆಯೆ ಎನ್ನುತ್ತಾರೆ. ಅಣ್ಣ ಇರುವ ತನಕ ಸರಿ. ಉಯಿಲು ಬರೆಯದೆ ಅವನು ಕಣ್ಣು ಮುಚ್ಚಿದರೆ, 1956ರ ಹಿಂದೂ ಉತ್ತರಾಧಿಕಾರ ಕಾನೂನಿನಂತೆ ಅವನ ಹೆಸರಿನ ಸ್ವತ್ತು ಅವನ ಹೆಂಡತಿ, ಮಕ್ಕಳು ಮತ್ತು ತಾಯಿಗೆ ಹೋಗುತ್ತದೆ. ತಮ್ಮಂದಿರು ಆಗ ನೆಂಟರು. ದುಡ್ಡು ನಮ್ಮದೆಂದು ಕೋರ್ಟಿಗೆ ಹೋದರೆ 1988ರ ಬೇನಾಮಿ ಕಾನೂನು ಎದುರು ನಿಲ್ಲುತ್ತದೆ. 2016ರಲ್ಲಿ ಅದನ್ನು ಇನ್ನೂ ಬಿಗಿ ಮಾಡಲಾಗಿದೆ. ಒಡಹುಟ್ಟಿದವರ ಹೆಸರಿನಲ್ಲಿ ಕೊಳ್ಳುವುದಕ್ಕೆ ಅದರಲ್ಲಿ ವಿನಾಯಿತಿ ಉಂಟು. ಆದರೆ ದುಡ್ಡು ಕೊಟ್ಟವನ ಹೆಸರೂ ಪತ್ರದಲ್ಲಿ ಜಂಟಿಯಾಗಿರಬೇಕು. ಆದುದರಿಂದ ದುಡ್ಡು ಹಾಕಿದ ಪ್ರತಿಯೊಬ್ಬರ ಹೆಸರನ್ನೂ, ಅವರವರ ಪಾಲನ್ನೂ ಬರೆಸಿ ನೋಂದಣಿ ಮಾಡಿಸಿರಿ. ಎಲ್ಲರ ಸಹಿಯಿಲ್ಲದೆ ಇಡೀ ಮನೆಯನ್ನು ಅಡವಿಡಲಾಗದೆಂದು ಅಂಗಡಿಯ ಮಿತ್ರರು ಗೊಣಗುತ್ತಾರೆ. ಒಬ್ಬನ ವ್ಯಾಪಾರ ಮುಳುಗಿದರೆ ಐದು ಸಂಸಾರ ಬೀದಿಗೆ ಬರಬಾರದೆಂದೇ ಅಲ್ಲವೆ ಆ ಸಹಿ?

ಇನ್ನು ತಂಗಿಯ ಮಾತು. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕೆಂದು ಕರ್ನಾಟಕ 1994ರಲ್ಲಿ ಕಾನೂನು ಮಾಡಿತು, ಆಗಲೇ ಮದುವೆಯಾಗಿದ್ದವರನ್ನು ಬಿಟ್ಟು. 2005ರಲ್ಲಿ ಕೇಂದ್ರ ಸರ್ಕಾರ ಆ ಭೇದವನ್ನೂ ತೆಗೆಯಿತು. ಆದರೆ ಹೊಸದಾಗಿ ಕೊಳ್ಳುವ ಮನೆ ಪಿತ್ರಾರ್ಜಿತವಲ್ಲ. ಹೆಸರು ಬರೆಸದಿದ್ದರೆ ಈ ಕಾನೂನು ಅವಳ ನೆರವಿಗೆ ಬಾರದು. ಗಾರ್ಮೆಂಟ್ಸಿನಲ್ಲಿ ಹೊಲಿದು ಚೀಟಿ ಎತ್ತಿ ಕೊಟ್ಟವಳಿಗೆ ಅರಿಶಿನ ಕುಂಕುಮ ಕೊಟ್ಟರಾಯಿತು ಎನ್ನುವವರು ನಮ್ಮ ಪಕ್ಷದೊಳಗೂ ಇದ್ದಾರೆ. ಸಮಾನತೆಯ ಭಾಷಣವನ್ನು ಅವರು ಮೊದಲು ತಮ್ಮ ಮನೆಯ ಹೊಸ್ತಿಲಲ್ಲಿ ಮಾಡಲಿ.

ಅಗ್ಗಕ್ಕೆ ಸಿಕ್ಕಿತೆಂದು ನದಿಯ ಅಂಚಿಗೆ ಓಡಬೇಡಿರಿ. ಬೀಚನಹಳ್ಳಿಯಲ್ಲಿ ಕಬಿನಿ ಅಣೆಕಟ್ಟೆಯ ಬಾಗಿಲು ತೆಗೆದಾಗ 2018 ಮತ್ತು 2019ರಲ್ಲಿ ನಂಜನಗೂಡಿನ ಹದಿನಾರು ಕಾಲು ಮಂಟಪ ನೀರಿನಲ್ಲಿತ್ತು, ಮೈಸೂರು ರಸ್ತೆಯೇ ಬಂದಾಗಿತ್ತು. ನರಸೀಪುರದಲ್ಲಿ ಕಪಿಲೆಯ ಜೊತೆಗೆ ಕಾವೇರಿಯೂ ಇದ್ದಾಳೆ. ಮೇಲಾಗಿ ಅಲ್ಲಿಗೆ ರೈಲಿಲ್ಲ, ಬಸ್ಸೇ ಗತಿ. ಬರೀ ಅಧಿಕಾರ ಪತ್ರದ ಮೇಲೆ ಮಾರುವವರನ್ನು ನಂಬಬೇಡಿರಿ. ಅದರಿಂದ ಒಡೆತನ ಬಾರದೆಂದು ಸುಪ್ರೀಂ ಕೋರ್ಟು 2011ರಲ್ಲೇ ಹೇಳಿದೆ.

ಒಂದು ನಷ್ಟವನ್ನೂ ಮುಚ್ಚಿಡಬಾರದು. ಪ್ರಧಾನಮಂತ್ರಿ ಆವಾಸ್ ಯೋಜನೆಯ ನೆರವು ಬೇಕಾದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು ಇವರಾರ ಹೆಸರಿನಲ್ಲೂ ದೇಶದಲ್ಲೆಲ್ಲೂ ಪಕ್ಕಾ ಮನೆ ಇರಕೂಡದು. ಊರಿನ ಮನೆಯಲ್ಲಿ ಐದನೆಯ ಒಂದು ಪಾಲು ಪಡೆದ ಮೈಸೂರಿನ ಬಾಡಿಗೆದಾರನಿಗೆ ಇದೇ ಅಡ್ಡಿಯಾಗಬಹುದು. ಒಂದು ಕೋಣೆಯ ಪಾಲುದಾರನನ್ನೂ ಬಂಗಲೆಯ ಯಜಮಾನನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಈ ನಿಯಮ ತಿದ್ದಬೇಕೆಂದು ಪಕ್ಷ ಒತ್ತಾಯಿಸಬೇಕು. ಅಲ್ಲಿಯವರೆಗೆ, ಅರ್ಜಿ ಹಾಕಿ ಕಾದಿರುವ ಸೋದರ ಪಾಲು ಬೇಕೆ, ಆವಾಸ್ ಬೇಕೆ ಎಂದು ಮೊದಲೇ ತೀರ್ಮಾನಿಸಲಿ.

ಕ್ರಯಪತ್ರದ ಕರಡನ್ನು ನೋಂದಣಿಗೆ ಮುಂಚೆ ಓದಿಸಬೇಕೆನ್ನುವವರು ಭಾನುವಾರ ಬೆಳಿಗ್ಗೆ ಪಕ್ಷದ ಕಚೇರಿಗೆ ತರಬಹುದು. ತಂಗಿಯರನ್ನೂ ಕರೆತನ್ನಿರಿ.