ಆರು ವರ್ಷಕ್ಕೊಮ್ಮೆ ತೀರುವ ಹರಕೆ

ಸ್ಪೇನಿನ ಪೂರ್ವಭಾಗದ ಗುಡ್ಡಗಾಡಿನಲ್ಲಿ, ಸುಮಾರು 1,000 ಮೀಟರ್ ಎತ್ತರದಲ್ಲಿ ಮೊರೆಲ್ಯಾ ಎಂಬ ಪುಟ್ಟ ಊರಿದೆ. ನೆತ್ತಿಯ ಬಂಡೆಯ ಮೇಲೆ ಕೋಟೆ, ಊರಿನ ಸುತ್ತ ಸುಮಾರು 2 ಕಿ.ಮೀ. ಉದ್ದದ ಮಧ್ಯಯುಗದ ಕಲ್ಲಿನ ಗೋಡೆ. ಜನಸಂಖ್ಯೆ ಮೂರು ಸಾವಿರವನ್ನೂ ಮುಟ್ಟದು.

1672ರಲ್ಲಿ ಇಲ್ಲಿ ಪ್ಲೇಗ್ ಹಬ್ಬಿತು. ದಿಕ್ಕುಗಾಣದ ಜನ 20 ಕಿ.ಮೀ.ಗೂ ಆಚೆಯ ವಲ್ಲಿವಾನಾ ಕ್ಷೇತ್ರದಿಂದ ಮೇರಿ ಮಾತೆಯ ವಿಗ್ರಹವನ್ನು ತಂದರು. ತಾಯಿಯ ಕೃಪೆಯಿಂದಲೇ ಪಿಡುಗು ಇಳಿಯಿತೆಂಬುದು ಅವರ ನಂಬಿಕೆ. ಮರುವರ್ಷ ಊರವರು ಆರು ವರ್ಷಕ್ಕೊಮ್ಮೆ ಉತ್ಸವ ನಡೆಸುವ ಹರಕೆ ಹೊತ್ತರು. ಅದೇ 'ಸೆಕ್ಸೆನಿ'.

ಆಗಸ್ಟ್‌ನಲ್ಲಿ ಒಂಬತ್ತು ದಿನ ಸಡಗರ. ತಿಂಗಳುಗಟ್ಟಲೆ ಮೊದಲೇ ಆಯಾ ಬೀದಿಯವರು ಒಟ್ಟಾಗಿ ಕುಳಿತು ಬಣ್ಣದ ಕಾಗದಕ್ಕೆ ನೆರಿಗೆ ಹಿಡಿದು, ಅಂಟಿಸಿ, ಗೋಡೆಯುದ್ದದ ಅಲಂಕಾರ ಸಿದ್ಧಪಡಿಸುತ್ತಾರೆ. ನೇಕಾರರ ಕುಣಿತ, ರೈತರ ಕುಣಿತ ಎಂದು ಕಸುಬಿನ ಹೆಸರು ಹೊತ್ತ ತಂಡಗಳು ಮೆರವಣಿಗೆಯಲ್ಲಿ ಹೆಜ್ಜೆ ಹಾಕುತ್ತವೆ.

ಆರರ ವಯಸ್ಸಿನಲ್ಲಿ ಕುಣಿದ ಮಗುವಿಗೆ ಮುಂದಿನ ಉತ್ಸವದ ಹೊತ್ತಿಗೆ ಹನ್ನೆರಡು. ಅದರ ಮುಂದಿನದಕ್ಕೆ ಹದಿನೆಂಟು, ಊರು ಬಿಡುವ ವಯಸ್ಸು. ಜನ ಕಡಿಮೆಯಾಗುತ್ತ ಬಂದ ಊರಿನಲ್ಲಿ ಒಂದು ತಲೆಮಾರು ಕಾಗದ ಮಡಿಸಲು ಕಲಿಯದೆ ಹೋದರೆ ಬೀದಿ ಬರಿದಾಗಿಯೇ ಉಳಿಯುತ್ತದೆ. ಆದ್ದರಿಂದಲೇ ಅಜ್ಜಿಯರ ಪಕ್ಕದಲ್ಲಿ ಮೊಮ್ಮಕ್ಕಳಿಗೂ ಜಾಗವುಂಟು.

ಕಳೆದ ಉತ್ಸವ ನಡೆದದ್ದು 2024ರಲ್ಲಿ, ಮುಂದಿನದು 2030ಕ್ಕೆ. ಅಂದು ಬೀದಿ ಸಿಂಗರಿಸಬೇಕಾದ ಕೆಲವು ಕೈಗಳು ಈಗಿನ್ನೂ ಅಕ್ಷರ ತಿದ್ದುತ್ತಿವೆ. ಮುತ್ತಜ್ಜರು ಕೊಟ್ಟ ಮಾತನ್ನು ಉಳಿಸಬೇಕಾದವರು ಅವರೇ.